ಮೂರು ಗಂಟೆ, ಒಂದು ಹಾಳೆ, ಕಿರೀಟ ನುಂಗಿದ ಡ್ರ್ಯಾಗನ್ ಮರಿ



ಇವತ್ತು ಒಂದು ಆಟದ ಬಗ್ಗೆ ಮಾತಾಡೋಣ. ಮೊಬೈಲ್ ಗೇಮ್ ಅಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಅಥವಾ ಚಾಪೆ ಮೇಲೆ ಕೂತು, ಬಾಯಲ್ಲೇ ಕಥೆ ಕಟ್ಟುತ್ತಾ ಆಡೋ ಆಟ. ಇದಕ್ಕೆ ಟೇಬಲ್‌ಟಾಪ್ ರೋಲ್-ಪ್ಲೇಯಿಂಗ್ ಗೇಮ್ ಅಂತಾರೆ. ‘ಸ್ಟ್ರೇಂಜರ್ ಥಿಂಗ್ಸ್’ ನೋಡಿದವರಿಗೆ ಮೊದಲ ಸಂಚಿಕೆಯಲ್ಲೇ ನಾಲ್ಕು ಹುಡುಗರು ಮನೆಯ ನೆಲಮಾಳಿಗೆಯಲ್ಲಿ ಕೂತು, ದಾಳ ಉರುಳಿಸಿ ಕೂಗಾಡೋದು ನೆನಪಿರಬಹುದು. ಅವರು ಆಡ್ತಿದ್ದದ್ದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಅನ್ನೋ ಇಬ್ಬರು ಅಮೆರಿಕನ್ನರು 1974ರಲ್ಲಿ ಪ್ರಕಟಿಸಿದ ಆಟ. ಮೊದಲು ಅಚ್ಚಾಗಿದ್ದು ಬರೀ 1000 ಪ್ರತಿ.

ಆಡೋದು ಹೇಗೆ? ಒಬ್ಬರು ಆಟ ನಡೆಸ್ತಾರೆ. ಊರು, ಕಾಡು, ರಾಕ್ಷಸ, ಅಂಗಡಿಯವನು ಎಲ್ಲಾ ಅವರೇ. ಉಳಿದವರಿಗೆ ತಲೆಗೊಂದು ಪಾತ್ರ. ನಡೆಸೋರು ಸಂದರ್ಭ ಹೇಳ್ತಾರೆ, ಆಡೋರು ‘ನಾನು ಹೀಗೆ ಮಾಡ್ತೀನಿ’ ಅಂತಾರೆ. ಅದು ಆಗುತ್ತೋ ಇಲ್ವೋ ಅನ್ನೋ ಅನುಮಾನ ಬಂದಾಗ ದಾಳ ತೀರ್ಮಾನ ಮಾಡುತ್ತೆ.

ಕರಾವಳಿ, ಮಲೆನಾಡಿನ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ತಾಳಮದ್ದಲೆ ನೋಡಿದ್ದೀರಲ್ಲ? ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡ್ತಾರೆ, ಅರ್ಥಧಾರಿಗಳು ಕೂತಲ್ಲೇ ಕೃಷ್ಣನೂ ಕರ್ಣನೂ ಆಗಿ ಸ್ಥಳದಲ್ಲೇ ಮಾತು ಹುಟ್ಟಿಸ್ತಾರೆ. ಎದುರಿನವರು ಏನು ಕೇಳ್ತಾರೋ ಮೊದಲೇ ಗೊತ್ತಿರಲ್ಲ. ಈ ಆಟದ ಜೀವವೂ ಅದೇ. ವ್ಯತ್ಯಾಸ ಏನಂದ್ರೆ, ತಾಳಮದ್ದಲೆಯಲ್ಲಿ ಪ್ರಸಂಗ ಎಲ್ಲಿ ಮುಗಿಯುತ್ತೆ ಅಂತ ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ, ನಡೆಸೋರಿಗೂ ಗೊತ್ತಿಲ್ಲ. ಜೊತೆಗೆ ಇಲ್ಲಿ ಪ್ರೇಕ್ಷಕರೇ ಇಲ್ಲ, ಇರೋರೆಲ್ಲ ಆಡೋರೇ.

ಇಷ್ಟು ಚೆಂದದ ಆಟ ನಮ್ಮಲ್ಲಿ ಯಾಕೆ ಎಲ್ಲರೂ ಆಡಲ್ಲ? ಒಂದು ಕಾರಣ ಪುಸ್ತಕದ ದಪ್ಪ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ಆಟಗಾರರ ಕೈಪಿಡಿ ಒಂದೇ 300 ಪುಟ ದಾಟುತ್ತೆ, ಅದೂ ಇಂಗ್ಲಿಷಲ್ಲಿ. ಇನ್ನೊಂದು ಕಾರಣ ಸಮಯ. ಇದನ್ನ ಸಾಮಾನ್ಯವಾಗಿ ತಿಂಗಳುಗಟ್ಟಲೆ ಧಾರಾವಾಹಿ ಥರ ಆಡ್ತಾರೆ. ಒಬ್ಬರಿಗೆ ನೈಟ್ ಶಿಫ್ಟ್, ಇನ್ನೊಬ್ಬರಿಗೆ ಊರಲ್ಲಿ ಹಬ್ಬ. ಮೂರನೇ ವಾರಕ್ಕೆ ವಾಟ್ಸ್‌ಆ್ಯಪ್ ಗ್ರೂಪ್ ಮೌನ.

ಮೂರನೇ ಕಾರಣ ಬೇರೆ. ಮೊದಲ ಸಲ ಆಡೋಕೆ ಕರೆದಾಗ ಬಹಳ ಜನ ಹೇಳೋದು ಒಂದೇ ಮಾತು: ‘ಅಯ್ಯೋ, ನಂಗೆ ಇದೆಲ್ಲ ಬರಲ್ಲ.’ ಗಮನಿಸಿ, ಇಷ್ಟ ಇಲ್ಲ ಅಂತಲ್ಲ, ಬರಲ್ಲ ಅಂತ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಕೆಲಸದ ಇಂಟರ್‌ವ್ಯೂವರೆಗೆ ಎಡವಿದರೆ ದಂಡ ಕಟ್ಟಿಕೊಂಡೇ ಬೆಳೆದವರು ನಾವು. ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಕಥೆ ಹೇಳು ಅಂದರೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತೆ.

ಮೊದಲ ಎರಡು ಕಾರಣಕ್ಕೆ ಪರಿಹಾರ ಇದೆ. ಅದೇ ‘ವನ್-ಶಾಟ್’: ಒಂದೇ ಕೂತಾಟ, ಅದೂ ಒಂದೇ ಪುಟದ ನಿಯಮದಲ್ಲಿ. ಮೂರನೇದಕ್ಕೆ ಪರಿಹಾರ ಆಟ ನಡೆಸೋರ ಕೈಯಲ್ಲಿದೆ. ನಾನು ಇವತ್ತು ಮುಖ್ಯವಾಗಿ ಹೇಳಬೇಕಿರೋದು ಅದನ್ನೇ. ಹಗುರ ವನ್-ಶಾಟ್ ನಡೆಸೋರ ನಿಜವಾದ ಕೆಲಸ ಒಳ್ಳೆ ಕಥೆ ಹೇಳೋದಲ್ಲ. ಆ ಮೇಜಿನಲ್ಲಿ ಸೋಲೋದು ಖುಷಿಯ ವಿಷಯ ಆಗೋ ಹಾಗೆ ನೋಡಿಕೊಳ್ಳೋದು.

ಮೊದಲು ನಿಯಮ. ಸರಳ ನಿಯಮ ಅನ್ನೋದು ಹೊಸ ಆಲೋಚನೆ ಏನಲ್ಲ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬಂದ ಮರುವರ್ಷವೇ, 1975ರಲ್ಲಿ, ಅದರ ನಿಯಮ ಗೋಜಲಾಗಿದೆ ಅನ್ನಿಸಿ ಕೆನ್ ಸೇಂಟ್ ಆಂಡ್ರೆ ‘ಟನಲ್ಸ್ ಅಂಡ್ ಟ್ರೋಲ್ಸ್’ ಬರೆದರು. ಅದಕ್ಕೆ ಮಾಮೂಲಿ ಆರು ಮುಖದ ದಾಳ ಸಾಕು. 2017ರಲ್ಲಿ ಗ್ರಾಂಟ್ ಹೌವಿಟ್ ‘ಹನಿ ಹೈಸ್ಟ್’ ಅಂತ ಒಂದೇ ಪುಟದ ಆಟ ಮಾಡಿದರು. ಆಡೋರೆಲ್ಲ ಕರಡಿಗಳು, ಜೇನು ಕದಿಯೋಕೆ ಹೊರಟಿದ್ದಾರೆ. ಪ್ರತಿಯೊಬ್ಬರಿಗೂ ಎರಡೇ ಅಂಕ: ‘ಕರಡಿತನ’ 3, ‘ಕಳ್ಳತನ’ 3. ಪ್ಲಾನ್ ಕೈಕೊಟ್ಟಾಗ ಒಂದು ಅಂಕ ಕರಡಿ ಕಡೆ ಜಾರುತ್ತೆ. ಕರಡಿತನ 6 ಆದರೆ ನೀವು ಪೂರ್ತಿ ಕಾಡುಕರಡಿ, ಆಟ ಮುಗೀತು. ಅಂದರೆ ಸೋಲು ಅನ್ನೋದೇ ಅಲ್ಲಿ ತಮಾಷೆಯ ಯಂತ್ರ.

ನಾನು ಇವತ್ತು ಬಳಸೋ ನಿಯಮ ಜಾನ್ ಹಾರ್ಪರ್ ಅವರ ‘ಲೇಸರ್ಸ್ ಅಂಡ್ ಫೀಲಿಂಗ್ಸ್’ ಅನ್ನೋ ಆಟದ್ದು. 2013ರದ್ದು, ಒಂದೇ ಪುಟ. ಮೂಲತಃ ಬಾಹ್ಯಾಕಾಶ ನೌಕೆಯ ಕಥೆ. ನಾವು ಅದನ್ನ ಮಾಯಾಲೋಕಕ್ಕೆ ತರೋಣ. ‘ಲೇಸರ್’ ಬದಲು ‘ತೋಳು’, ‘ಫೀಲಿಂಗ್’ ಬದಲು ‘ಮಾತು’. ಓಡೋದು, ಹತ್ತೋದು, ಬೀಗ ಮುರಿಯೋದು, ಹೊಡೆದಾಟ ಎಲ್ಲಾ ತೋಳು. ಪುಸಲಾಯಿಸೋದು, ಸುಳ್ಳು ಹೇಳೋದು, ಸಮಾಧಾನ ಮಾಡೋದು, ಮಂತ್ರ ಹಾಕೋದು ಎಲ್ಲಾ ಮಾತು.

ಪ್ರತಿಯೊಬ್ಬರೂ 2ರಿಂದ 5ರೊಳಗೆ ಒಂದೇ ಒಂದು ಸಂಖ್ಯೆ ಆರಿಸಿಕೊಳ್ಳಿ. ಇಡೀ ಪಾತ್ರಕ್ಕೆ ಇರೋ ಲೆಕ್ಕ ಅಷ್ಟೇ. ತೋಳಿನ ಕೆಲಸಕ್ಕೆ ದಾಳದಲ್ಲಿ ನಿಮ್ಮ ಸಂಖ್ಯೆಗಿಂತ ಕಡಿಮೆ ಬೀಳಬೇಕು. ಮಾತಿನ ಕೆಲಸಕ್ಕೆ ಜಾಸ್ತಿ ಬೀಳಬೇಕು. ಸರಿಯಾಗಿ ನಿಮ್ಮ ಸಂಖ್ಯೆಯೇ ಬಿದ್ದರೆ ಅದೂ ಗೆಲುವು, ಜೊತೆಗೆ ಆಟ ನಡೆಸೋರಿಗೆ ಒಂದು ಪ್ರಶ್ನೆ ಕೇಳಬಹುದು, ಅವರು ನಿಜವನ್ನೇ ಹೇಳಬೇಕು. ನಿಮ್ಮ ಸಂಖ್ಯೆ 5 ಆದರೆ ತೋಳು ಗಟ್ಟಿ, ಮಾತು ವೀಕು. 2 ಆದರೆ ಮಾತಿನ ಮಲ್ಲ, ಆದರೆ ಮೆಟ್ಟಿಲು ಹತ್ತಿದರೂ ಏದುಸಿರು.

ಎಷ್ಟು ದಾಳ? ಮಾಮೂಲಿಗೆ ಒಂದು. ಮೊದಲೇ ತಯಾರಿ ಮಾಡಿಕೊಂಡಿದ್ದರೆ ಇನ್ನೊಂದು. ಆ ಕೆಲಸ ನಿಮ್ಮ ಪಾತ್ರದ ಕಸುಬೇ ಆಗಿದ್ದರೆ ಮತ್ತೊಂದು. ಎಷ್ಟು ದಾಳ ಗೆದ್ದವು ಅಂತ ಎಣಿಸಿ. ಸೊನ್ನೆ ಆದರೆ ಎಡವಟ್ಟು. ಒಂದು ಗೆದ್ದರೆ ಕೆಲಸ ಆಗುತ್ತೆ, ಆದರೆ ಒಂದು ತೊಡಕು ಬರುತ್ತೆ. ಎರಡು ಗೆದ್ದರೆ ಚೆನ್ನಾಗಿ ಆಗುತ್ತೆ. ಮೂರೂ ಗೆದ್ದರೆ ನಿರೀಕ್ಷೆಗಿಂತ ಜಾಸ್ತಿ ಸಿಗುತ್ತೆ.

ದಾಳಕ್ಕೆ ಮನೆಯಲ್ಲಿರೋ ಲೂಡೋ ಡಬ್ಬಿ ತೆಗೀರಿ, ಸಾಕು. ಚೌಕಾಬಾರದ ಕವಡೆ ಮಾತ್ರ ಇಲ್ಲಿ ಬೇಡ. ಅದರಲ್ಲಿ ಎಲ್ಲಾ ಸಂಖ್ಯೆಗಳು ಒಂದೇ ಸಮ ಬೀಳಲ್ಲ, ಲೆಕ್ಕ ತಪ್ಪುತ್ತೆ.

ಒಂದು ಚಿಕ್ಕ ಲೆಕ್ಕ ಹೇಳ್ತೀನಿ. ಸಂಖ್ಯೆ 4 ಇರೋರು ತೋಳಿನ ಕೆಲಸಕ್ಕೆ ಎರಡು ದಾಳ ಹಾಕ್ತಾರೆ ಅನ್ಕೊಳ್ಳಿ. ಸರಾಸರಿ 9 ಸಲದಲ್ಲಿ 1 ಸಲ ಎರಡೂ ಸೋಲುತ್ತವೆ, 4 ಸಲ ಒಂದು ಗೆಲ್ಲುತ್ತೆ, 4 ಸಲ ಎರಡೂ ಗೆಲ್ಲುತ್ತವೆ. ಅಂದರೆ 9ರಲ್ಲಿ 5 ಸಲ ಏನೋ ಒಂದು ಕಿರಿಕ್ ಇದ್ದೇ ಇರುತ್ತೆ. ಅದೂ ತಯಾರಿ ಮಾಡಿಕೊಂಡು ಹೋದವರಿಗೆ! ಈ ಆಟ ಓಡೋದೇ ಆ ಕಿರಿಕ್ ಮೇಲೆ.

ಈಗ ಕಥೆ. ಉದ್ದ ಬರೀಬೇಡಿ, ನಾಲ್ಕು ಸಾಲು ಸಾಕು. ನನ್ನ ಸಾಲುಗಳನ್ನ ಬೇಕಾದರೆ ಹಾಗೇ ತಗೊಳ್ಳಿ.

ನೀವೆಲ್ಲ ಒಬ್ಬ ಪ್ರಸಿದ್ಧ ಮಾಂತ್ರಿಕನ ಸಹಾಯಕರು. ಅವನು ಪಕ್ಕದೂರಿಗೆ ಮದುವೆಗೆ ಹೋಗಿದ್ದಾನೆ, ಡ್ರ್ಯಾಗನ್ ಮರಿ ನೋಡ್ಕೊಳ್ಳಿ ಅಂತ ಹೇಳಿ ಹೋಗಿದ್ದಾನೆ. ಹೊಳಪು ಹಾಕೋಕೆ ಅರಮನೆಯಿಂದ ಬಂದಿದ್ದ ಕಿರೀಟವನ್ನ ಮರಿ ನುಂಗಿಬಿಟ್ಟಿದೆ. ಸೂರ್ಯ ಮುಳುಗೋ ಹೊತ್ತಿಗೆ ಹೊಸ ರಾಣಿಯ ಪಟ್ಟಾಭಿಷೇಕ.

ಇದರಲ್ಲಿ ಮೂರು ವಿಷಯ ಇವೆ ನೋಡಿ. ಏನು ಮಾಡಬೇಕು ಅಂತ ಸ್ಪಷ್ಟ ಇದೆ. ಯಾವಾಗ ಮುಗೀಬೇಕು ಅಂತ ಸ್ಪಷ್ಟ ಇದೆ. ಹೇಗೆ ಅನ್ನೋದು ಮಾತ್ರ ಖಾಲಿ ಇದೆ. ಆ ಖಾಲಿ ಜಾಗ ಆಡೋರದ್ದು, ನೀವು ಅದನ್ನ ತುಂಬಬೇಡಿ. ಕಿರೀಟ ವಾಪಸ್ ಬರೋ ದಾರಿ ಇದೊಂದೇ ಅಂತ ಮನಸ್ಸಲ್ಲಿ ಇಟ್ಟುಕೊಂಡರೆ, ಆಡೋರು ನಿಮ್ಮ ಮನಸ್ಸಲ್ಲಿರೋದನ್ನ ಊಹೆ ಮಾಡೋಕೆ ಶುರು ಮಾಡ್ತಾರೆ. ಮತ್ತೆ ಅದು ಪರೀಕ್ಷೆ ಆಯ್ತು.

ಕಥೆಯ ಬದಲು ಜನರನ್ನ ತಯಾರಿ ಮಾಡ್ಕೊಳ್ಳಿ. ಮೂರು ಜನ, ಒಬ್ಬೊಬ್ಬರಿಗೂ ಒಂದೊಂದು ಆಸೆ. ಅರಮನೆ ಬಾಗಿಲು ಕಾಯೋನಿಗೆ ನಿಯಮ ಅಂದರೆ ಪ್ರಾಣ, ಆದರೆ ಬೆಳಿಗ್ಗೆಯಿಂದ ಊಟ ಇಲ್ಲ. ಪಕ್ಕದ ಬೀದಿಯ ಅಕ್ಕಸಾಲಿಗಳು ನಕಲಿ ಕಿರೀಟ ಮಾಡಿಕೊಡಬಲ್ಲಳು, ಬದಲಿಗೆ ಡ್ರ್ಯಾಗನ್ನಿನ ಹಾಲುಹಲ್ಲು ಬೇಕು ಅಂತಾಳೆ. ಮೂರನೆಯವಳು ಆ ಮರಿಯ ಅಮ್ಮ. ಅವಳಿಗೆ ಮಗು ಬೇಕು, ಅವಳು ಹಾರಿ ಬರ್ತಿದ್ದಾಳೆ. ಆಟ ಸಪ್ಪೆ ಆದಾಗ ಈ ಮೂವರಲ್ಲಿ ಒಬ್ಬರನ್ನ ಬಾಗಿಲಿಗೆ ತನ್ನಿ.

ಒಂದು ಹಾಳೆ ಮೇಲೆ ದೊಡ್ಡ ವೃತ್ತ ಬರೆದು ಆರು ಭಾಗ ಮಾಡಿ, ಎಲ್ಲರಿಗೂ ಕಾಣೋ ಹಾಗೆ ಮಧ್ಯದಲ್ಲಿ ಇಡಿ. ದೊಡ್ಡ ಎಡವಟ್ಟು ಆದಾಗೆಲ್ಲ ಒಂದು ಭಾಗಕ್ಕೆ ಬಣ್ಣ ತುಂಬಿ. ಆರೂ ತುಂಬಿದರೆ ಅರಮನೆಯ ನಗಾರಿ ಬಾರಿಸ್ತು ಅಂತ ಅರ್ಥ. ಎಷ್ಟು ಹೊತ್ತು ಉಳಿದಿದೆ ಅಂತ ನೀವು ಬಾಯಲ್ಲಿ ಎಚ್ಚರಿಸಬೇಕಿಲ್ಲ, ಹಾಳೆ ಹೇಳುತ್ತೆ.

ಶುರು ಹೇಗೆ? ‘ನೀವೆಲ್ಲ ಒಂದು ಛತ್ರದಲ್ಲಿ ಕೂತಿದ್ದೀರಿ, ಈಗ ಏನು ಮಾಡ್ತೀರಿ?’ ಅಂತ ಕೇಳಿದರೆ ಹೊಸಬರು ಒಬ್ಬರ ಮುಖ ಒಬ್ಬರು ನೋಡ್ತಾರೆ. ಅದರ ಬದಲು ಮರಿ ಕಿರೀಟ ನುಂಗಿದ ಕ್ಷಣದಿಂದಲೇ ಶುರು ಮಾಡಿ. ಆಮೇಲೆ ಒಬ್ಬೊಬ್ಬರಿಗೂ ಉತ್ತರ ಸುಲಭ ಇರೋ ಪ್ರಶ್ನೆ ಕೇಳಿ. ‘ಪಂಜರದ ಬಾಗಿಲು ಹಾಕೋದು ಯಾರ ಪಾಳಿ ಆಗಿತ್ತು?’ ‘ಈ ಮರಿಗೆ ನೀನು ಗುಟ್ಟಾಗಿ ಇಟ್ಟ ಹೆಸರೇನು?’ ‘ಅರಮನೆಯೊಳಗೆ ನಿನಗೆ ಸಾಲ ಕೊಡಬೇಕಾದೋರು ಯಾರಿದ್ದಾರೆ?’ ಇದಕ್ಕೆ ತಪ್ಪು ಉತ್ತರ ಅಂತ ಇಲ್ಲ. ಏನೇ ಹೇಳಲಿ, ಅದು ಆ ಲೋಕದಲ್ಲಿ ನಿಜ. ಮರಿಯ ಹೆಸರು ‘ಪುಟ್ಟಸ್ವಾಮಿ’ ಅಂದರೆ ಇವತ್ತು ರಾತ್ರಿಯವರೆಗೂ ಅದು ಪುಟ್ಟಸ್ವಾಮಿಯೇ. ‘ಬರಲ್ಲ’ ಅಂದವರು ಐದು ನಿಮಿಷದಲ್ಲಿ ಕಥೆಗೆ ಏನೋ ಕೊಟ್ಟಿರ್ತಾರೆ, ಅದು ಅವರಿಗೇ ಗೊತ್ತಾಗಿರಲ್ಲ.

ಆಟ ಹೇಗೆ ಸಾಗುತ್ತೆ ಅಂತ ಒಂದು ತುಣುಕು ಹೇಳ್ತೀನಿ, ಕೇಳಿ.

‘ನಾನು ಮರಿಯ ಬಾಲ ಹಿಡ್ಕೋತೀನಿ.’

‘ಸುಮ್ನೆ ಹೋಗಿ ಹಿಡ್ಕೋತೀಯಾ, ಏನಾದ್ರೂ ತಯಾರಿ ಇದೆಯಾ?’

‘ಇದೆ. ಅದರ ಮುಂದೆ ಕುಂಬಳಕಾಯಿ ಉರುಳಿಸಿದೀನಿ. ಅದು ತಿಂತಿರುವಾಗ ಹಿಂದಿನಿಂದ.’

‘ಹಾಗಾದ್ರೆ ಎರಡು ದಾಳ. ತೋಳಿನ ಕೆಲಸ. ನಿನ್ನ ಸಂಖ್ಯೆ 4.’

ದಾಳ ಬೀಳುತ್ತೆ: 2 ಮತ್ತು 6. ಒಂದು ಗೆದ್ದಿತು, ಒಂದು ಸೋತಿತು.

‘ಬಾಲ ಸಿಕ್ತು. ಗಟ್ಟಿಯಾಗಿ ಹಿಡ್ಕೊಂಡಿದ್ದೀಯ. ಆದರೆ ಪುಟ್ಟಸ್ವಾಮಿ ಇವತ್ತೇ ಹಾರೋದು ಕಲಿತ. ನೀನೀಗ ಸಂತೆಯ ಮೇಲೆ, ಬಾಲಕ್ಕೆ ನೇತಾಡ್ತಿದ್ದೀಯ. ಕೆಳಗಿರೋರು ಏನು ಮಾಡ್ತೀರಾ?’

ಆ ‘ಆದರೆ’ ಇಲ್ದಿದ್ರೆ ಆಟ ಅಲ್ಲಿಗೆ ನಿಲ್ತಿತ್ತು. ಮರಿ ಸಿಕ್ತು, ಅಷ್ಟೇ. ಈಗ ಎಲ್ಲರಿಗೂ ಕೆಲಸ ಬಂತು.

ಪೂರ್ತಿ ಸೋತಾಗಲೂ ಇದೇ ದಾರಿ. ಬೀಗ ತೆಗೆಯೋಕೆ ದಾಳ ಹಾಕಿದರು, ಸೊನ್ನೆ. ‘ಬೀಗ ತೆಗೀಲಿಲ್ಲ’ ಅಂದರೆ ಅದು ಮುಚ್ಚಿದ ಬಾಗಿಲು, ಎಲ್ಲರೂ ಸುಮ್ಮನಾಗ್ತಾರೆ. ‘ಬೀಗ ತೆಗೀತು, ಒಳಗೆ ಬಾಗಿಲು ಕಾಯೋನು ಸ್ನಾನ ಮಾಡ್ತಿದ್ದಾನೆ’ ಅಂದರೆ ಸೋತವರೇ ಮೊದಲು ನಗ್ತಾರೆ. ಸೋತರೆ ಪರಿಸ್ಥಿತಿ ಬದಲಾಗಬೇಕು, ಇದೊಂದು ನೆನಪಿಟ್ಟುಕೊಳ್ಳಿ. ಸೋತರೆ ಏನೂ ಬದಲಾಗಲ್ಲ ಅಂತಾದರೆ ದಾಳ ಹಾಕಿಸಲೇಬೇಡಿ, ‘ಆಯ್ತು, ಆಗುತ್ತೆ’ ಅಂದು ಮುಂದೆ ಹೋಗಿ.

ಇನ್ನೊಂದು. ದಾಳ ಸೋತಾಗ ಪಾತ್ರವನ್ನ ದಡ್ಡ ಮಾಡಬೇಡಿ. ‘ನೀನು ಎಡವಿ ಬಿದ್ದೆ, ಎಲ್ಲರೂ ನಕ್ಕರು’ ಅಂತ ನೀವು ಹೇಳಿದರೆ, ಆ ಹುಡುಗಿ ಮುಂದಿನ ಸಲ ದಾಳ ಮುಟ್ಟೋಕೆ ಹಿಂಜರೀತಾಳೆ. ಅದರ ಬದಲು ಅವಳನ್ನೇ ಕೇಳಿ: ‘ಇದು ಆಗಲಿಲ್ಲ. ಯಾಕಾಗಲಿಲ್ಲ, ನೀನೇ ಹೇಳು.’ ತನ್ನ ಸೋಲನ್ನ ತಾನೇ ವರ್ಣಿಸೋಕೆ ಬಿಟ್ಟರೆ, ಜನ ತಮ್ಮ ಮೇಲೆ ನಿಮಗಿಂತ ಚೆನ್ನಾಗಿ ತಮಾಷೆ ಮಾಡ್ಕೋತಾರೆ. ನಗುವಿನ ಲಗಾಮು ಅವರ ಕೈಯಲ್ಲಿರುತ್ತೆ.

ಹಗುರ ಆಟ ಅಂದಾಕ್ಷಣ ಏನು ಬೇಕಾದರೂ ನಡೆಯುತ್ತೆ ಅಂತಲ್ಲ. ನಮ್ಮಲ್ಲಿ ತಮಾಷೆ ಬೇಗ ಜಾರೋ ಜಾಗಗಳಿವೆ: ಬಣ್ಣ, ದಪ್ಪ, ಜಾತಿ, ಊರಿನ ಭಾಷೆ. ಸಿನಿಮಾಗಳಲ್ಲಿ ನೋಡಿದ್ದೀರಿ, ಎಷ್ಟೋ ಸಲ ಬೇರೆ ಜಿಲ್ಲೆಯ ಕನ್ನಡ ಸಿಗೋದು ಹಾಸ್ಯಪಾತ್ರಕ್ಕೆ ಮಾತ್ರ. ನಿಮ್ಮ ಮೇಜಿನಲ್ಲಿ ಧಾರವಾಡದ ಗೆಳೆಯ ಇದ್ದರೆ, ಅವನ ವೀರ ‘ಏನ್ ಮಾಡಾಕತ್ತೀಯೋ, ಕಿರೀಟ ಉಗುಳು’ ಅಂತ ಡ್ರ್ಯಾಗನ್‌ಗೇ ಗದರಲಿ. ವೀರನ ಬಾಯಲ್ಲಿ ಮನೆಭಾಷೆ ಬರಲಿ. ಪೆದ್ದ ಕಾವಲುಗಾರನಿಗೆ ಮಾತ್ರ ಅವನ ಊರಿನ ಮಾತು ಹಚ್ಚಬೇಡಿ.

ಆಡೋಕೆ ಮುಂಚೆ ಎರಡು ನಿಮಿಷ ಕೇಳಿಬಿಡಿ: ‘ಯಾವ ವಿಷಯ ಇವತ್ತು ಬೇಡ?’ ಒಬ್ಬರಿಗೆ ಹಾವು ಬೇಡ ಇರಬಹುದು, ಇನ್ನೊಬ್ಬರ ಮನೆಯಲ್ಲಿ ಈಚೆಗೆ ಸಾವಾಗಿರಬಹುದು. ಕಾರಣ ಕೇಳಬೇಡಿ. ಜಾನ್ ಸ್ಟಾವ್ರೋಪೌಲಸ್ ಅನ್ನೋರು ಇದಕ್ಕೆ ‘ಎಕ್ಸ್-ಕಾರ್ಡ್’ ಅಂತ ಒಂದು ಸುಲಭ ಉಪಾಯ ಕೊಟ್ಟಿದ್ದಾರೆ. ಒಂದು ಚೀಟಿ ಮೇಲೆ ಇಂಟು ಗುರುತು ಹಾಕಿ ಮಧ್ಯದಲ್ಲಿ ಇಡೋದು. ಯಾರಿಗಾದರೂ ಇರುಸುಮುರುಸಾದರೆ ಅದನ್ನ ಮುಟ್ಟಿದರೆ ಸಾಕು, ಆ ವಿಷಯ ಅಲ್ಲಿಗೆ ಬಿಟ್ಟು ಆಟ ಮುಂದೆ ಹೋಗುತ್ತೆ. ಯಾರೂ ವಿವರಣೆ ಕೊಡಬೇಕಿಲ್ಲ. ಯಾವಾಗ ಬೇಕಾದರೂ ನಿಲ್ಲಿಸಬಹುದು ಅಂತ ಗೊತ್ತಿದ್ದಾಗಲೇ ಜನ ಧೈರ್ಯವಾಗಿ ನಗೋದು.

ಪ್ರತಿ ಗುಂಪಲ್ಲೂ ಒಬ್ಬರು ಜಾಸ್ತಿ ಮಾತಾಡ್ತಾರೆ, ಒಬ್ಬರು ಬಾಯೇ ಬಿಡಲ್ಲ. ಸುಮ್ಮನಿರೋರಿಗೆ ‘ನೀನೂ ಏನಾದ್ರೂ ಮಾಡು’ ಅನ್ನಬೇಡಿ, ಅದು ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದ ಹಾಗಾಗುತ್ತೆ. ಎರಡು ಆಯ್ಕೆ ಕೊಡಿ. ‘ಅಮ್ಮ ಡ್ರ್ಯಾಗನ್ ನಿನ್ನನ್ನೇ ನೋಡ್ತಿದ್ದಾಳೆ. ಓಡ್ತೀಯಾ, ನಮಸ್ಕಾರ ಮಾಡ್ತೀಯಾ?’ ನಾನು ನಡೆಸಿದ ಒಂದು ಆಟದಲ್ಲಿ ಒಂದು ಗಂಟೆ ಬರೀ ತಲೆಯಾಡಿಸುತ್ತಿದ್ದ ಹುಡುಗಿ ಈ ಪ್ರಶ್ನೆಗೆ ಮೂರನೇ ಉತ್ತರ ಕೊಟ್ಟಳು: ‘ಇಲ್ಲ. ಕಾಫಿ ತಗೋತೀರಾ ಅಂತ ಕೇಳ್ತೀನಿ.’ ಅಲ್ಲಿಂದ ಮುಂದೆ ಆಟ ಅವಳದ್ದೇ. ಮಗು ಊಟ ಮಾಡಲ್ಲ, ಮಾತು ಕೇಳಲ್ಲ ಅಂತ ಅಮ್ಮ ಡ್ರ್ಯಾಗನ್ ಅವಳ ಹತ್ತಿರ ಕಷ್ಟ ಹೇಳ್ಕೊಂಡಳು. ಕಿರೀಟ ಹೊರಗೆ ಬಂದಿದ್ದು ಅಮ್ಮ ಬೆನ್ನು ತಟ್ಟಿ ತೇಗಿಸಿದಾಗ. ನನ್ನ ಹಾಳೆಯಲ್ಲಿ ಈ ದಾರಿ ಇರಲೇ ಇಲ್ಲ.

ಕೊನೇದು, ಸಮಯ. ಮೂರು ಗಂಟೆ ಅಂತ ಇಟ್ಟುಕೊಳ್ಳಿ. ಮೊದಲ 20 ನಿಮಿಷ ಪಾತ್ರ ಮಾಡೋಕೆ: ಹೆಸರು, ಕಸುಬು, ಸಂಖ್ಯೆ, ಅಷ್ಟೇ. ಮುಂದಿನ ಎರಡು ಗಂಟೆ ಆಟ, ನಡುವೆ ಒಂದು ಚಹಾ ವಿರಾಮ. ಕೊನೆಯ ಅರ್ಧ ಗಂಟೆ ಬಂದಾಗ ಬಾಯಿಬಿಟ್ಟು ಹೇಳಿ: ‘ಈಗ ಅರಮನೆಗೆ ಹೋಗೋ ಹೊತ್ತು.’ ದಾರಿಯಲ್ಲಿ ಏನೇ ಉಳಿದಿರಲಿ, ದೃಶ್ಯವನ್ನ ಅಲ್ಲಿಗೆ ಎತ್ತಿಕೊಂಡು ಹೋಗಿ. ಕಿರೀಟ ಸಿಕ್ಕಿರಬಹುದು, ನಕಲಿ ಇರಬಹುದು, ರಾಣಿ ತಲೆ ಮೇಲೆ ಸಾಕ್ಷಾತ್ ಪುಟ್ಟಸ್ವಾಮಿಯೇ ಕೂತಿರಬಹುದು. ಯಾವುದಾದರೂ ಸರಿ, ಆದರೆ ಮುಗಿಸಿ. ‘ಮುಂದಿನ ವಾರ ನೋಡೋಣ’ ಅನ್ನಬೇಡಿ. ಆ ಮುಂದಿನ ವಾರ ಸಾಮಾನ್ಯವಾಗಿ ಬರಲ್ಲ.

ಮುಗಿದ ಮೇಲೆ ಒಬ್ಬೊಬ್ಬರಿಂದ ಒಂದು ವಾಕ್ಯ ಕೇಳಿ: ‘ಒಂದು ವರ್ಷದ ಮೇಲೆ ನಿನ್ನ ಪಾತ್ರ ಎಲ್ಲಿದೆ?’ ಒಬ್ಬ ಸಂತೆಯಲ್ಲಿ ಕುಂಬಳಕಾಯಿ ಮಾರ್ತಿದ್ದಾನೆ. ಒಬ್ಬಳು ಅರಮನೆಯಲ್ಲಿ ಡ್ರ್ಯಾಗನ್‌ಗಳಿಗೆ ಬಾಲವಾಡಿ ತೆಗೆದಿದ್ದಾಳೆ. ಕಥೆಗೆ ಕೊನೆಯ ಸಾಲು ಹಾಕೋ ಹಕ್ಕು ಎಲ್ಲರಿಗೂ ಸಿಗುತ್ತೆ.

ಒಂದು ವನ್-ಶಾಟ್‌ನಿಂದ ಯಾರ ಜೀವನವೂ ಬದಲಾಗಲ್ಲ. ಆದರೆ ಆ ಮೂರು ಗಂಟೆಯಲ್ಲಿ ಒಬ್ಬೊಬ್ಬರೂ ಗೆಳೆಯರ ಎದುರು ಏಳೆಂಟು ಸಲ ಸೋತಿರ್ತಾರೆ, ಪ್ರತಿ ಸಲ ಸೋತಾಗಲೂ ಕಥೆ ಮುಂದೆ ಹೋಗಿರುತ್ತೆ, ಯಾರೂ ಅಂಕ ಕಳೆದಿರಲ್ಲ. ‘ನಂಗೆ ಬರಲ್ಲ’ ಅಂದವರಿಗೆ ನಾವು ‘ಇಲ್ಲ, ನಿಂಗೆ ಬರುತ್ತೆ’ ಅಂತ ಹೇಳಿ ಒಪ್ಪಿಸಬೇಕಿಲ್ಲ. ಬರದೇ ಇದ್ದರೂ ಪರವಾಗಿಲ್ಲ ಅನ್ನೋ ಒಂದು ಜಾಗ ಮಾಡಿಕೊಟ್ಟರೆ ಸಾಕು.

ಈ ಭಾನುವಾರ ಮೂರು ಜನರನ್ನ ಕರೀರಿ. ಲೂಡೋ ದಾಳ ಹುಡುಕಿ, ಒಂದು ಹಾಳೆ, ಪೆನ್ಸಿಲ್ ತಗೊಳ್ಳಿ. ಫೋನ್‌ಗಳನ್ನ ಪಕ್ಕದ ರೂಮಲ್ಲಿ ಚಾರ್ಜಿಗೆ ಹಾಕಿ. ಹಾಂ, ಈ ಸಂಚಿಕೆ ಮುಗಿದ ಮೇಲೆ ಹಾಕಿ! ಮತ್ತೆ ಸಿಗೋಣ. ನಮಸ್ಕಾರ.